ಮೂವರು ತಾರಾ ರಿಸೀವರ್‌ಗಳನ್ನು ಒಟ್ಟುಹಾಕಿದರೆ ಸಾಲದೇ?

ನಿಮ್ಮ ಪ್ರಶ್ನೆ ಇದು: ಅಮೆರಿಕನ್ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ತಂಡವೊಂದು ಲೀಗಿನ ಮೂವರು ಅತ್ಯುತ್ತಮ ರಿಸೀವರ್‌ಗಳನ್ನು (ಎಸೆದ ಚೆಂಡನ್ನು ಓಡಿ ಹಿಡಿಯುವವರನ್ನು) ಒಟ್ಟುಹಾಕಿದರೆ ಕೆಲಸ ಮುಗಿಯಿತಲ್ಲ, ವಿಶ್ಲೇಷಕರು ‘ಸಮತೋಲನ, ಸಮತೋಲನ’ ಎಂದು ಜಪ ಮಾಡುವುದೇಕೆ?

ದುಡ್ಡು ಸಾಲುವುದಿಲ್ಲ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಸರಿಯೇ. 2025ರಲ್ಲಿ ಪ್ರತಿ ತಂಡಕ್ಕಿದ್ದ ಸಂಬಳದ ಮಿತಿ 27.92 ಕೋಟಿ ಡಾಲರ್. ಅದರಲ್ಲೇ 53 ಜನರ ತಂಡವನ್ನು ಸಾಕಬೇಕು. ಆದರೆ ದುಡ್ಡಿನ ಲೆಕ್ಕವಿಲ್ಲದಿದ್ದರೂ ನಾನು ಮೂವರು ಒಂದೇ ಬಗೆಯ ತಾರೆಗಳನ್ನು ತರುವುದಿಲ್ಲ. ಮೈದಾನದಲ್ಲಿ ಚೆಂಡು ಒಂದೇ ಇರುತ್ತದೆ, ಮೂವರೂ ಅದನ್ನು ಒಂದೇ ಜಾಗದಲ್ಲಿ ಬಯಸಿದರೆ ಇಬ್ಬರು ಕೇವಲ ವ್ಯಾಯಾಮ ಮಾಡಿದಂತಾಗುತ್ತದೆ. ರಿಸೀವರ್ ಎಷ್ಟು ಒಳ್ಳೆಯವನು ಎನ್ನುವುದಕ್ಕಿಂತ, ಎದುರಾಳಿಯ ಯಾವ ಆಟಗಾರನನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತಾನೆ ಎಂಬುದನ್ನು ನೋಡಿ ಆರಿಸಬೇಕು.

ಇದಕ್ಕೆ ಬುಡ ನಿಯಮ ಪುಸ್ತಕದಲ್ಲಿಯೇ ಇದೆ. ಆಕ್ರಮಣ ಮಾಡುವ ಹನ್ನೊಂದು ಜನರಲ್ಲಿ ಏಳು ಮಂದಿ ಚೆಂಡಿರುವ ಗೆರೆಯ ಮೇಲೆ ನಿಂತಿರಬೇಕು. ಆ ಏಳರಲ್ಲಿ ಎರಡು ತುದಿಯವರಿಗೆ ಮಾತ್ರ ಪಾಸ್ ಹಿಡಿಯುವ ಹಕ್ಕು. ಹೀಗಾಗಿ ಒಂದು ತುದಿಯಲ್ಲಿ ನಿಲ್ಲುವ ‘ಎಕ್ಸ್’ ರಿಸೀವರ್ ಗೆರೆ ಬಿಟ್ಟು ಅಲ್ಲಾಡುವಂತಿಲ್ಲ. ರಿಸೀವರ್‌ನನ್ನು ಕಾಯುವ ಎದುರಾಳಿ, ಅಂದರೆ ಕಾರ್ನರ್‌ಬ್ಯಾಕ್, ಅವನ ಮುಖಕ್ಕೆ ಮುಖ ಕೊಟ್ಟು ನಿಂತು, ಮೊದಲ ಐದು ಗಜ ಕೈಯಿಂದ ತಳ್ಳಿ ತಡೆಯಬಹುದು. ಅದನ್ನು ಬಿಡಿಸಿಕೊಂಡು ಹೋಗಲು ತೋಳಿನಲ್ಲಿ ಬಲ ಬೇಕು, ಕಾಲಿನಲ್ಲಿ ಚಾಲಾಕು ಬೇಕು. ಇನ್ನೊಂದು ಬದಿಯ ‘ಝಡ್’ ಗೆರೆಯಿಂದ ಸ್ವಲ್ಪ ಹಿಂದೆ ನಿಲ್ಲುತ್ತಾನೆ. ಚೆಂಡು ಚಲಿಸುವ ಮೊದಲೇ ಅಡ್ಡಡ್ಡ ಓಡಿ ವೇಗ ಪಡೆಯಬಹುದು, ತಳ್ಳುವವನ ಕೈಗೂ ಬೇಗ ಸಿಗುವುದಿಲ್ಲ. ನಡುವೆ ‘ಸ್ಲಾಟ್’ ರಿಸೀವರ್, ಅವನ ಪಕ್ಕದಲ್ಲಿ ಅರ್ಧ ತಡೆಗಾರ ಅರ್ಧ ರಿಸೀವರ್ ಆದ ಟೈಟ್ ಎಂಡ್. ಈ ನಾಲ್ಕೂ ಬೇರೆ ಬೇರೆ ಕಸುಬುಗಳು.

ಗೆರೆಯ ಈ ವಿಷಯ ಕ್ಷುಲ್ಲಕ ಎನಿಸಿದರೆ 2023ರ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದವರನ್ನು ನೆನೆಯಿರಿ. ಬಫಲೋ ಬಿಲ್ಸ್ ವಿರುದ್ಧ ಪಂದ್ಯದ ಕೊನೆಯ ಘಟ್ಟದಲ್ಲಿ ಚೀಫ್ಸ್‌ನ ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ ಚೆಂಡು ಹಿಡಿದು, ಓಡುತ್ತಲೇ ಪಕ್ಕಕ್ಕೆ ಎಸೆದ; ರಿಸೀವರ್ ಕಡೇರಿಯಸ್ ಟೋನಿ ಅದನ್ನು ಹಿಡಿದು, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಗಳಿಸಿದ. ಆದರೆ ಆಟ ಶುರುವಾಗುವಾಗಲೇ ಟೋನಿಯ ಕಾಲು ಗೆರೆಯಾಚೆ ಇತ್ತು. ಟಚ್‌ಡೌನ್ ರದ್ದಾಯಿತು, ಪಂದ್ಯ 17–20ರಲ್ಲಿ ಹೋಯಿತು.

ಸಮತೋಲನ ಕಟ್ಟಿದ ಬಗೆಯನ್ನು ಒಂದು ನಿಜವಾದ ತಂಡದ ಮೂಲಕ ಹೇಳುತ್ತೇನೆ. ನಾನು ಮಿಶಿಗನ್‌ನಲ್ಲಿರುವುದರಿಂದ ಡೆಟ್ರಾಯಿಟ್ ಲಯನ್ಸ್ ಕಡೆಗೆ ನನಗೆ ಪಕ್ಷಪಾತ ಇದೆ, ಅಷ್ಟು ಕಳೆದು ಓದಿಕೊಳ್ಳಿ. 2021ರ ಆರಂಭದಲ್ಲಿ ಲಯನ್ಸ್ ತಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವ ಆಟಗಾರ, ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಅವರ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್‌ನನ್ನೂ ಜೊತೆಗೆ ಕೆಲವು ಡ್ರಾಫ್ಟ್ ಆಯ್ಕೆಗಳನ್ನೂ (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳನ್ನೂ) ಪಡೆದರು. ಗಾಫ್ ಓಡಿ ತಪ್ಪಿಸಿಕೊಳ್ಳುವ ಆಟಗಾರನಲ್ಲ. ಅವನ ಬಲವೆಂದರೆ ಸಮಯಕ್ಕೆ ಸರಿಯಾಗಿ, ಮೈದಾನದ ನಡುಭಾಗಕ್ಕೆ, ಹತ್ತು ಹದಿನೈದು ಗಜದಲ್ಲಿ ನೇರವಾಗಿ ಎಸೆಯುವುದು. ಹಾಗಾದರೆ ನಡುಭಾಗ ಖಾಲಿ ಇರಬೇಕು. ಮುಂದಿನದ್ದೆಲ್ಲ ಈ ಒಂದು ಅಗತ್ಯವನ್ನು ಪೂರೈಸಲು ನಡೆದ ಖರೀದಿ ಎಂದೇ ನಾನು ಓದುತ್ತೇನೆ.

ಮೊದಲು ಸಿಕ್ಕವನು ಅಮೋನ್-ರಾ ಸೇಂಟ್ ಬ್ರೌನ್. 2021ರ ಡ್ರಾಫ್ಟ್‌ನಲ್ಲಿ ನಾಲ್ಕನೆಯ ಸುತ್ತು, 112ನೇ ಆಯ್ಕೆ. ಅವನಿಗಿಂತ ಮುಂಚೆ 16 ರಿಸೀವರ್‌ಗಳು ಆಯ್ಕೆಯಾದರು, ಅವರ ಹೆಸರುಗಳನ್ನು ಅವನು ಸಾಲಾಗಿ ಬಾಯಿಪಾಠ ಹೇಳಬಲ್ಲ. ಎತ್ತರವೂ ಹೆಚ್ಚಿಲ್ಲ, ಮಿಂಚಿನ ವೇಗವೂ ಇಲ್ಲ. ಸ್ಲಾಟ್‌ನಲ್ಲಿ ನಿಂತು ಅವನು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೂರನೆಯ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಇನ್ನೂ ಆರು ಗಜ ಬೇಕು ಎಂದುಕೊಳ್ಳಿ. ಅವನು ನೇರವಾಗಿ ಐದಾರು ಗಜ ಓಡಿ ಎದುರಿನವನ ಸೊಂಟವನ್ನು ಗಮನಿಸುತ್ತಾನೆ. ಸೊಂಟ ಒಳಕ್ಕೆ ವಾಲಿದರೆ ಹೊರಕ್ಕೆ ತಿರುಗುತ್ತಾನೆ, ಹೊರಕ್ಕೆ ವಾಲಿದರೆ ಒಳಕ್ಕೆ. ಎದುರಾಳಿ ಆಳಕ್ಕೆ ಜಾರಿಕೊಂಡಿದ್ದರೆ ನಿಂತುಬಿಡುತ್ತಾನೆ. ಇದೆಲ್ಲವನ್ನೂ ಗಾಫ್ ಅದೇ ಗಳಿಗೆಯಲ್ಲಿ ಅದೇ ರೀತಿ ಓದಬೇಕು, ಏಕೆಂದರೆ ಸೇಂಟ್ ಬ್ರೌನ್ ತಿರುಗುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಇಬ್ಬರ ಓದು ಬೇರೆಯಾದರೆ ಚೆಂಡು ನೇರ ಎದುರಾಳಿಯ ಕೈಗೆ. ಈ ನಂಬಿಕೆ ಬೆಳೆಯಲು ಕಾಲ ಬೇಕು, ಅದನ್ನು ಮಾರುಕಟ್ಟೆಯಲ್ಲಿ ಕೊಳ್ಳಲಾಗದು.

ಸರಿ, ನಡುಭಾಗಕ್ಕೆ ಒಬ್ಬ ಸಿಕ್ಕ. ಆಗ ಎದುರಾಳಿಗಳು ಏನು ಮಾಡುತ್ತಾರೆ? ಎಲ್ಲರಿಗಿಂತ ಹಿಂದೆ ಕಾವಲು ನಿಲ್ಲುವ ಸೇಫ್ಟಿಗಳನ್ನು ಮುಂದಕ್ಕೆ ತಂದು ನಡುಭಾಗವನ್ನೇ ತುಂಬಿಸುತ್ತಾರೆ. ಅವರನ್ನು ಹಿಂದಕ್ಕೆ ಓಡಿಸುವವನು ಬೇಕು. 2022ರಲ್ಲಿ ರ‍್ಯಾಮ್ಸ್‌ನಿಂದ ಬಂದಿದ್ದ 32ನೇ ಆಯ್ಕೆಯನ್ನೂ ಸೇರಿಸಿ ಕೊಟ್ಟು, ಮಿನೆಸೋಟ ವೈಕಿಂಗ್ಸ್‌ನಿಂದ 12ನೇ ಸ್ಥಾನ ಪಡೆದು ಲಯನ್ಸ್ ಆರಿಸಿದ್ದು ಜೇಮ್ಸನ್ ವಿಲಿಯಮ್ಸ್‌ನನ್ನು. ಆಗ ಅವನ ಮೊಣಕಾಲಿನ ಗಾಯ ಇನ್ನೂ ಮಾಗುತ್ತಿತ್ತು. ಮೊದಲ ಋತು ಹೆಚ್ಚುಕಡಿಮೆ ವ್ಯರ್ಥವಾಯಿತು. ಚೆಂಡು ಕೈಚೆಲ್ಲುತ್ತಾನೆ ಎಂದು ಇಲ್ಲಿಯ ಅಭಿಮಾನಿಗಳು ಬೈದದ್ದೂ ಕಡಿಮೆಯಲ್ಲ. ಆದರೂ ಅವನು ಮೈದಾನಕ್ಕಿಳಿದರೆ ಸೇಫ್ಟಿ ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಆ ನಾಲ್ಕು ಹೆಜ್ಜೆಯ ಲಾಭ ಬರುವುದು ಸೇಂಟ್ ಬ್ರೌನ್ ಲೆಕ್ಕಕ್ಕೆ.

ಮೂರನೆಯ ತುಂಡು ಟೈಟ್ ಎಂಡ್. ಇದ್ದ ಟಿ.ಜೆ. ಹಾಕಿನ್‌ಸನ್‌ನನ್ನು 2022ರ ನವೆಂಬರ್‌ನಲ್ಲಿ ಮಾರಿದಾಗ ಹುಚ್ಚುತನ ಎನಿಸಿತ್ತು. ಮರುವರ್ಷ ರ‍್ಯಾಮ್ಸ್ ಕೊಟ್ಟ ಇನ್ನೊಂದು ಆಯ್ಕೆಯಾದ 6ನೆಯದನ್ನು ಅರಿಜೋನಾ ಕಾರ್ಡಿನಲ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಬಂದ ಆಯ್ಕೆಗಳಲ್ಲಿ 12ನೆಯದರಿಂದ ಚೆಂಡು ಹಿಡಿದು ಓಡುವ ಆಟಗಾರ, ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್‌ನನ್ನೂ 34ನೆಯದರಿಂದ ಅಯೋವಾದ ಸ್ಯಾಮ್ ಲಾಪೋರ್ಟಾನನ್ನೂ ತಂದರು. ಲಾಪೋರ್ಟಾ ಮೊದಲ ವರ್ಷವೇ 86 ಪಾಸ್ ಹಿಡಿದ. ಗಿಬ್ಸ್ ಕೂಡ ಪಾಸ್ ಹಿಡಿಯುವವನೇ. ಅವನ ಬೆನ್ನಟ್ಟಲು ನಡುಭಾಗ ಕಾಯುವ ಲೈನ್‌ಬ್ಯಾಕರ್ ಪಕ್ಕಕ್ಕೆ ಸರಿದರೆ ನಡುಭಾಗ ಮತ್ತೆ ಖಾಲಿ.

2024ರಲ್ಲಿ ಇದು ಫಲ ಕೊಟ್ಟ ರೀತಿ ನೋಡಿ. ಸೇಂಟ್ ಬ್ರೌನ್ 115 ಪಾಸ್ ಹಿಡಿದು 1,263 ಗಜ ಗಳಿಸಿದ. ವಿಲಿಯಮ್ಸ್ ಹಿಡಿದದ್ದು ಅದರ ಅರ್ಧ, 58. ಗಳಿಕೆ ಮಾತ್ರ 1,001 ಗಜ. ಒಬ್ಬನದು ದಿನಗೂಲಿ, ಇನ್ನೊಬ್ಬನದು ಲಾಟರಿ. ತಂಡ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿ 15 ಪಂದ್ಯ ಗೆದ್ದಿತು. ಸೆಪ್ಟೆಂಬರ್ 30ರಂದು ಸಿಯಾಟಲ್ ವಿರುದ್ಧ ಗಾಫ್ ಎಸೆದ 18 ಪಾಸ್‌ಗಳಲ್ಲಿ ಹದಿನೆಂಟೂ ಕೈಸೇರಿದವು. ಅದು ಲೀಗಿನ ದಾಖಲೆ. ವಿಲಿಯಮ್ಸ್‌ನ 70 ಗಜದ ಟಚ್‌ಡೌನ್ ಅದೇ ರಾತ್ರಿಯದು. ಸೇಂಟ್ ಬ್ರೌನ್ ತಾನೇ ಚೆಂಡೆಸೆದು ಗಾಫ್‌ಗೆ ಟಚ್‌ಡೌನ್ ಕೊಡಿಸಿದ್ದೂ ಅಂದೇ. ಇದಕ್ಕೂ ಸಮತೋಲನಕ್ಕೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಅಂಕಿಅಂಶದಲ್ಲಿ ಕಾಣದ ಒಂದು ಕೆಲಸವೂ ಇದೆ: ಅಡ್ಡ ನಿಂತು ತಡೆಯುವುದು. ಗಿಬ್ಸ್ ಅಂಚಿನಿಂದ ಓಡುವಾಗ ಎದುರಿನವನಿಗೆ ಮೈಯೊಡ್ಡಿ ದಾರಿ ಬಿಡಿಸುವುದು ರಿಸೀವರ್‌ನ ಪಾಲು. ಸೇಂಟ್ ಬ್ರೌನ್ ಅದನ್ನು ಹಬ್ಬದಂತೆ ಮಾಡುತ್ತಾನೆ. ಚೆಂಡು ಬರದಿದ್ದಾಗ ಸುಮ್ಮನೆ ನಿಲ್ಲುವ ತಾರೆಯನ್ನು ಹತ್ತೇ ಆಟಗಳಲ್ಲಿ ಎದುರಾಳಿ ಗುರುತಿಸುತ್ತಾನೆ. ಅವನು ಸುಮ್ಮನೆ ನಿಂತರೆ ಚೆಂಡು ಹಿಡಿದು ಓಡುವ ಆಟ, ಓಡಿದರೆ ಪಾಸ್ ಎಂದು ಗೊತ್ತಾಗಿಬಿಡುತ್ತದೆ.

ಬರೀ ವೇಗಕ್ಕೆ ಮರುಳಾಗುವವರ ಬಗ್ಗೆ ನನಗೆ ಸಹನೆ ಕಡಿಮೆ. 2017ರಲ್ಲಿ ಜಾನ್ ರಾಸ್ ಎಂಬ ರಿಸೀವರ್ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿ ಅಂದಿನ ದಾಖಲೆ ಬರೆದ. ಸಿನ್ಸಿನಾಟಿ ಬೆಂಗಾಲ್ಸ್ 9ನೇ ಆಯ್ಕೆಯಲ್ಲಿ ಅವನನ್ನು ತಂದರು. ಗಾಯವೂ ಕಾಡಿತು, ಆ ಋತುವಿನಲ್ಲಿ ಒಂದೂ ಪಾಸ್ ಹಿಡಿಯಲಿಲ್ಲ. ಅದೇ ಸಿನ್ಸಿನಾಟಿ ಆಮೇಲೆ ಪಾಠ ಕಲಿತು ಜಮಾರ್ ಚೇಸ್, ಟೀ ಹಿಗಿನ್ಸ್, ಸ್ಲಾಟ್‌ಗೆ ಟೈಲರ್ ಬಾಯ್ಡ್ ಎಂಬ ಚೆಂದದ ಮೂವರನ್ನು ಜೋಡಿಸಿ 2021ರ ಋತುವಿನಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಆದರೆ 2024ರಲ್ಲಿ ಚೇಸ್ ಪಾಸ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗಿಗೆ ಮೊದಲಿಗನಾದರೂ ತಂಡ 9–8ಕ್ಕೆ ನಿಂತು ನಾಕೌಟ್ ಹಂತವಾದ ಪ್ಲೇಆಫ್‌ಗೇ ಹೋಗಲಿಲ್ಲ. ರಕ್ಷಣಾ ಪಡೆ ಸೋರುತ್ತಿತ್ತು. ಮರುವರ್ಷ ಚೇಸ್‌ಗೆ 16.1 ಕೋಟಿ, ಹಿಗಿನ್ಸ್‌ಗೆ 11.5 ಕೋಟಿ ಡಾಲರ್‌ಗಳ ನಾಲ್ಕು ವರ್ಷದ ಒಪ್ಪಂದ ಬರೆದರು. ನಾನಾಗಿದ್ದರೆ ಎರಡನೆಯದಕ್ಕೆ ಸಹಿ ಹಾಕುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಖುಷಿಯಾಗಿರಲಿ ಎಂದು ಹಾಕಿದ್ದರೆ ಅದು ಬೇರೆ ಮಾತು.

ವೇಗದ ರಿಸೀವರ್ ಟೈರೀಕ್ ಹಿಲ್‌ನನ್ನು 2022ರಲ್ಲಿ ಮಯಾಮಿಗೆ ಬಿಟ್ಟುಕೊಟ್ಟ ಮೇಲೂ ಚೀಫ್ಸ್ ಎರಡು ಸೂಪರ್ ಬೌಲ್ ಗೆದ್ದರಲ್ಲ ಎಂದು ನೀವು ಕೇಳಬಹುದು. ಗೆದ್ದರು. ನಡುಭಾಗಕ್ಕೆ ಕೆಲ್ಸಿ ಇದ್ದ, ಎಸೆಯಲು ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇದ್ದ. ಆ ಇಬ್ಬರು ಎಲ್ಲ ತಂಡಗಳಿಗೂ ಸಿಗುವುದಿಲ್ಲವಾದ್ದರಿಂದ ಅದನ್ನು ಮಾದರಿಯಾಗಿ ಹಿಡಿಯಬೇಡಿ.

ನೀವೇ ಪರೀಕ್ಷಿಸಬೇಕೆಂದರೆ ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಹಿಂದಿರುವ ಇಬ್ಬರು ಸೇಫ್ಟಿಗಳನ್ನು ನೋಡಿ. ನೇರಪ್ರಸಾರದ ಕ್ಯಾಮೆರಾ ಹಲವು ಸಲ ಅವರನ್ನು ಚೌಕಟ್ಟಿನ ಹೊರಗೇ ಬಿಡುತ್ತದೆ. ಇಪ್ಪತ್ತೆರಡೂ ಆಟಗಾರರು ಕಾಣುವ ‘ಆಲ್-22’ ದೃಶ್ಯಗಳು ಸಿಕ್ಕರೆ ಅವೇ ಮೇಲು. ವೇಗದ ರಿಸೀವರ್ ಬೆಂಚಿನಲ್ಲಿ ಕುಳಿತಾಗ ಆ ಇಬ್ಬರು ಎಷ್ಟು ಗಜ ಮುಂದಕ್ಕೆ ಬರುತ್ತಾರೆ ಎಂದು ಎಣಿಸಿಕೊಳ್ಳಿ.