ಗಿರಿ ಹತ್ತುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಳ್ಳಯ್ಯನಗಿರಿಗೆ ಮನೆಮಂದಿಯೆಲ್ಲ ಹೊರಟಿದ್ದೇವೆ. ಹುಡುಗರಿಗೆ ನಡೆದೇ ಹತ್ತುವಾಸೆ, ಅತ್ತೆಯವರಿಗೆ ಮಂಡಿನೋವು. ಒಟ್ಟಿಗೆ ಹೋಗಿಬರಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಧಾರಾಳವಾಗಿ. ಹುಡುಗರನ್ನು ಸರ್ಪದಾರಿಯ (ಶಿಖರಕ್ಕೆ ನಡೆದು ಹತ್ತುವ ಕಾಲುದಾರಿ) ಬುಡದಲ್ಲಿ ಇಳಿಸಿ, ಗಾಡಿ ಸೀತಾಳಯ್ಯನಗಿರಿ ಕಡೆಗೆ ಮುಂದೆ ಹೋಗಲಿ. ಸರ್ಪದಾರಿ ಸುಮಾರು 4 ಕಿ.ಮೀ. ಉದ್ದದ್ದು, ರೂಢಿಯಿಲ್ಲದವರಿಗೆ ಎರಡು ಗಂಟೆ ಬೇಕು. ಬಹುಪಾಲು ಹುಲ್ಲುಗುಡ್ಡ, ನೆರಳೂ ಇಲ್ಲ, ನೀರೂ ಇಲ್ಲ. ಒಬ್ಬೊಬ್ಬರೂ ಒಂದೂವರೆ ಲೀಟರ್ ನೀರು ಹೊತ್ತೇ ಹೊರಡಬೇಕು. ಗಾಡಿಯಲ್ಲಿ ಹೋದವರಿಗೂ ಕೊನೆಗೆ ಮೆಟ್ಟಿಲುಗಳಿವೆ. ಅತ್ತೆಯವರು ಸೀತಾಳಯ್ಯನಗಿರಿಯ ಗುಡಿಯಲ್ಲೇ ಕೂರುವುದು ಮೇಲು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಈಗ ಗಿರಿಗೆ ಗಾಡಿ ಒಯ್ಯಲು ಮುಂಚೆಯೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಬೆಳಗಿನ ಪಾಳಿಯನ್ನೇ ಆರಿಸಿ. ಶಿಖರದ ಎತ್ತರ 1,930 ಮೀಟರ್, ಚಿಕ್ಕಮಗಳೂರು ಪೇಟೆಗಿಂತ 800 ಮೀಟರಿಗೂ ಹೆಚ್ಚು ಮೇಲೆ. ಪೇಟೆಗಿಂತ ಐದು ಡಿಗ್ರಿಯಷ್ಟು ತಂಪು, ಮೇಲೆ ಗಾಳಿ ಬೇರೆ. ಬೆವರಿದ ಅಂಗಿಯಲ್ಲಿ ತುದಿಯಲ್ಲಿ ನಿಂತರೆ ನಡುಕ ಹತ್ತುತ್ತದೆ, ಒಣ ಅಂಗಿಯೊಂದು ಚೀಲದಲ್ಲಿರಲಿ.

ಪ್ರಶ್ನೆ: ಇಂಬಳಕ್ಕೆ (ಕಾಡಿನ ಜಿಗಣೆ) ಉಪ್ಪೋ, ಸುಣ್ಣವೋ, ನಶ್ಯವೋ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಹತ್ತದಂತೆ ತಡೆಯಲು ಇವು ಸರಿ, ಕಾಲುಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಸವರುವುದು ಹಳೆಯ ಕ್ರಮ. ಆದರೆ ಕಚ್ಚಿ ಕೂತ ಇಂಬಳದ ಮೇಲೆ ಇವನ್ನು ಸುರಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು, ಗಾಯ ಕೀವಾಗಬಹುದು. ಹಿಡಿದೆಳೆಯಲೂಬೇಡಿ. ಸಣ್ಣ ತುದಿಯ ಕಡೆ, ಅಂದರೆ ಬಾಯಿರುವ ಕಡೆ, ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ, ಆಮೇಲೆ ಇನ್ನೊಂದು ತುದಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಬಹಳ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ತೊಳೆದು ಬಟ್ಟೆ ಒತ್ತಿ ಕಟ್ಟಿ. ಅಂದಹಾಗೆ, ಗಾಳಿ ಬೀಸುವ ಬೋಳು ನೆತ್ತಿಯಲ್ಲಿ ಇಂಬಳ ಕಡಿಮೆ; ತಿಂಡಿಗೆ ಕೂರುವುದಾದರೆ ಶೋಲಾ ಕಾಡಿನ (ಗುಡ್ಡಗಳ ನಡುವಿನ ತೇವದ ದಟ್ಟ ಕಾಡು) ತರಗೆಲೆಯ ಮೇಲಲ್ಲ, ಅಲ್ಲೇ ಕೂರಿ.

ಪ್ರಶ್ನೆ: ಮಂಜು ಮುಸುಕಿ ದಾರಿ ತಪ್ಪಿದರೆ ಹಳ್ಳದ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುತ್ತಾರಲ್ಲ?
– ಓದುಗರು, ಬೇಲೂರು

ಉತ್ತರ: ಬಯಲುಸೀಮೆಯಲ್ಲಿ ಸಿಕ್ಕೀತು. ಘಟ್ಟದ ಹಳ್ಳಗಳು ಬಂಡೆಯಿಂದ ಬಂಡೆಗೆ ಧುಮುಕುತ್ತವೆ. ಇಳಿದವರು ಕೆಳಗೂ ಹೋಗಲಾಗದೆ, ಪಾಚಿಗಟ್ಟಿದ ಕಲ್ಲಿನಲ್ಲಿ ಮೇಲೂ ಹತ್ತಲಾಗದೆ ಸಿಕ್ಕಿಬೀಳುತ್ತಾರೆ. ಮೊದಲು ತಪ್ಪಿಸುವುದು ದನದ ಜಾಡು. ಕಾಲುದಾರಿಯಷ್ಟೇ ಸವೆದಿರುತ್ತದೆ, ಆದರೆ ಕವಲೊಡೆಯುತ್ತಾ ಹೋಗಿ ಹುಲ್ಲಿನಲ್ಲಿ ಮಾಯವಾಗುತ್ತದೆ. ಜಾಡು ಸಣ್ಣದಾಗತೊಡಗಿದರೆ ಗುರುತು ಸಿಗುವ ಕೊನೆಯ ಜಾಗಕ್ಕೆ ಮರಳಿ, ಎಲ್ಲರೂ ಒಟ್ಟಿಗೆ ಕೂತು ಕಾಯಿರಿ. ಗಾಳಿಗೆ ಮಂಜು ಆಗಾಗ ಹರಿಯುತ್ತದೆ, ಆ ಕಿಂಡಿಯಲ್ಲಿ ದಾರಿ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಾದರೆ ಮಾತು ಬೇರೆ: ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಬೋಳು ನೆತ್ತಿ ಬಿಟ್ಟು ಗೊತ್ತಿರುವ ದಾರಿಯಲ್ಲೇ ಕೆಳಗಿಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ.

ಪ್ರಶ್ನೆ: ಮೊದಲ ಚಾರಣಕ್ಕೆ ಕುದುರೆಮುಖವೋ, ಎತ್ತಿನಭುಜವೋ?
– ಓದುಗರು, ಹಾಸನ

ಉತ್ತರ: ಎತ್ತಿನಭುಜ. ಮೂಡಿಗೆರೆ ತಾಲ್ಲೂಕಿನ ಭೈರಾಪುರದ ಕಡೆಯಿಂದ ಅರ್ಧ ದಿನದ ಕೆಲಸ; ಕಡೆಯ ಬಂಡೆಯ ಏರು ಮಾತ್ರ ಕಡಿದು, ಒದ್ದೆಯಿದ್ದಾಗ ಜಾರುತ್ತದೆ. ಕುದುರೆಮುಖ ಶಿಖರ 1,894 ಮೀಟರ್, ಮುಳ್ಳೋಡಿಯಿಂದ ಹೋಗಿಬರಲು 20 ಕಿ.ಮೀ.ಗೂ ಹೆಚ್ಚು. ಅದು ರಾಷ್ಟ್ರೀಯ ಉದ್ಯಾನದೊಳಗಿನ ದಾರಿ. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಇಲ್ಲದೆ ಬಿಡುವುದಿಲ್ಲ, ರಾತ್ರಿ ತಂಗುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಟಿಕೆಟ್ ಸಿಕ್ಕಿದ ಮೇಲೆಯೇ ರಜೆ ಹಾಕಿ.

ಪ್ರಶ್ನೆ: ಗಿರಿಯಿಂದ ಇಳಿಯುವಾಗ ಸ್ಕೂಟರಿನ ಬ್ರೇಕ್ ಹಿಡಿಯದಂತಾಗುತ್ತದೆ. ಬ್ರೇಕ್ ಶೂ (ಚಕ್ರದ ಡ್ರಮ್ಮಿಗೆ ಒತ್ತಿ ತಡೆಯುವ ಪಟ್ಟಿ) ಬದಲಿಸಬೇಕೇ?
– ಓದುಗರು, ಹೊಳೆನರಸೀಪುರ

ಉತ್ತರ: ಶೂ ಸವೆದಿದ್ದರೆ ಬದಲಿಸಿ. ಆದರೆ ಹೊಸ ಶೂ ಕೂಡ ಕಾದರೆ ಹಿಡಿತ ಬಿಡುತ್ತದೆ. ಗೇರ್ ಬೈಕಾದರೆ ಒಂದು ಅಥವಾ ಎರಡನೇ ಗೇರಿನಲ್ಲಿ ಇಂಜಿನ್ನೇ ತಡೆಯುತ್ತದೆ. ಸ್ಕೂಟರಿಗೆ ಆ ಅನುಕೂಲ ಕಡಿಮೆ. ಬ್ರೇಕನ್ನು ಒತ್ತಿಹಿಡಿದೇ ಇಳಿಯಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ವೇಗ ಇಳಿಸಿ, ಬಿಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ, ಕಾಲು ಗಂಟೆ ಆರಲಿ. ಕಾದ ಡ್ರಮ್ಮಿಗೆ ನೀರು ಹುಯ್ಯಬೇಡಿ, ಬಿರುಕು ಬಿಡಬಹುದು. ಪೆಟ್ರೋಲ್ ಉಳಿಸಲೆಂದು ಇಂಜಿನ್ ಆರಿಸಿ ಇಳಿಯುವವರೂ ಇದ್ದಾರೆ. ಕಾರಿನಲ್ಲಂತೂ ಹಾಗೆ ಮಾಡಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.