ಕುದುರೆ ಮಾಂಸ ತಿನ್ನುವುದು ಸರಿಯೇ? ಅದರಿಂದ ಕುದುರೆಗಳಿಗೇ ಒಳ್ಳೆಯದಾಗುತ್ತದೆಯೇ?

ಕುರಿ, ದನ ತಿನ್ನುವವರು ಕುದುರೆ ಮಾತ್ರ ಬೇಡ ಅನ್ನುವುದು ರೂಢಿಯ ಮಾತು, ಅಷ್ಟೇ. ಫ್ರಾನ್ಸ್, ಇಟಲಿ, ಜಪಾನ್, ಕಜಕಸ್ತಾನಗಳಲ್ಲಿ ತಿನ್ನುತ್ತಾರೆ.

ಎರಡನೇ ಪ್ರಶ್ನೆ ಕಷ್ಟದ್ದು. ಮಾಂಸಕ್ಕೆ ಬೆಲೆ ಇದ್ದರೆ ಸಾಕಿದವರು ಚೆನ್ನಾಗಿ ನೋಡಿಕೊಳ್ಳಬಹುದು ಎಂದು ಬ್ರಿಟನ್ನಿನ ರಾಜಕುಮಾರಿ ಆನ್ 2013ರಲ್ಲಿ ಹೇಳಿದ್ದರು. ಸುಮ್ನೆ ತಳ್ಳಿಹಾಕುವ ಮಾತಲ್ಲ. ಅಮೆರಿಕದಲ್ಲಿ 2007ರಲ್ಲಿ ಕುದುರೆ ಕಸಾಯಿಖಾನೆಗಳು ಮುಚ್ಚಿದವು. ಆದರೂ ಕುದುರೆಗಳು ಉಳಿಯಲಿಲ್ಲ. ಲಾರಿಗೆ ತುಂಬಿ ಮೆಕ್ಸಿಕೊ, ಕೆನಡಾಕ್ಕೆ ಸಾಗಿಸಿದರು. ಸಾವು ಅದೇ, ದಾರಿಯ ನರಳಾಟ ಮಾತ್ರ ಜಾಸ್ತಿ.

ಆದರೂ ನನಗೆ ಈ ವಾದ ಒಪ್ಪಿಗೆಯಿಲ್ಲ. ಕಾರಣ ಒಂದು ಔಷಧಿ. ಕಾಲು ನೋವಿನ ಕುದುರೆಗೆ ಸಾಮಾನ್ಯವಾಗಿ ಫಿನೈಲ್‌ಬ್ಯುಟಜೋನ್ ಕೊಡುತ್ತಾರೆ. ಅದರ ಅಂಶ ಮನುಷ್ಯರಿಗೆ ಅಪಾಯ. ಹಾಗಾಗಿ ಯುರೋಪಿನಲ್ಲಿ ಒಮ್ಮೆ ಕೊಟ್ಟರೆ ಆ ಕುದುರೆ ಮತ್ತೆಂದೂ ಮಾಂಸಕ್ಕೆ ಹೋಗುವಂತಿಲ್ಲ, ಅದರ ಪಾಸ್‌ಪೋರ್ಟಿನಲ್ಲೇ, ಅಂದರೆ ಕುದುರೆಯ ಗುರುತಿನ ದಾಖಲೆಯಲ್ಲೇ, ಬರೆದಿರಬೇಕು. ಅಂದಮೇಲೆ ಮಾಂಸದ ದುಡ್ಡು ಬೇಕೆನ್ನುವವನು ಕುಂಟುವ ಕುದುರೆಗೆ ಆ ಔಷಧಿ ಕೊಡಲು ಹಿಂದೆಮುಂದೆ ನೋಡುತ್ತಾನೆ, ಅಲ್ವಾ? ಇಲ್ಲವೇ ಕೊಟ್ಟು ಮುಚ್ಚಿಡುತ್ತಾನೆ. ಕುದುರೆಗೆ ನಿಜವಾಗಿ ಬೇಕಿರುವುದು ಬೇರೆ: ಮರಿ ಹಾಕಿಸುವುದನ್ನು ಕಡಿಮೆ ಮಾಡಬೇಕು, ಕೊನೆಗಾಲದಲ್ಲಿ ನರಳದೆ ಸಾಯುವಂತೆ ಪಶುವೈದ್ಯರನ್ನು ಲಾಯಕ್ಕೇ ಕರೆಸಬೇಕು.