ಎ4988 ಬೋರ್ಡ್: ಮೋಟರ್ ಅದುರುತ್ತದೆ, ತಿರುಗುವುದಿಲ್ಲ. ಯಾವ ಪಿನ್ ಎಲ್ಲಿಗೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಯಂತ್ರದ ನೂಲನ್ನು ಅತ್ತಿತ್ತ ಸರಿಸಲು ನೆಮಾ 17 ಸ್ಟೆಪರ್ ಮೋಟರ್ (ಪಲ್ಸ್‌ಗೆ ಒಂದೊಂದು ಹೆಜ್ಜೆ ತಿರುಗುವ ಮೋಟರ್) ಹಾಕಿದ್ದೀರಿ. ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್‌ನಿಂದ, ಮೋಟರ್ ಓಡಿಸುವ ಎ4988 ಡ್ರೈವರ್ ಬೋರ್ಡ್ ಮೂಲಕ ಓಡಿಸಿದರೆ ಬರೀ ಅದುರುತ್ತದೆ, ಬೋರ್ಡಿನ 16 ಪಿನ್‌ಗಳಲ್ಲಿ ತಪ್ಪೆಲ್ಲಿ ಅಂತ ಕೇಳಿದ್ದೀರಿ.

ಮೊದಲು ಅನುಮಾನ ಪಡಬೇಕಾದದ್ದು ಕಾಯಿಲ್ (ಮೋಟರೊಳಗಿನ ತಂತಿ ಸುರುಳಿ) ಜೋಡಿಗಳನ್ನು. ಪವರ್ ತೆಗೆದು, ಮೋಟರ್ ವೈರ್‌ಗಳನ್ನು ಬೋರ್ಡಿನಿಂದ ಬಿಚ್ಚಿ, ಮಲ್ಟಿಮೀಟರ್ ಓಮ್ಸ್‌ಗೆ ಇಟ್ಟು ನೋಡಿ. ಯಾವ ಎರಡು ವೈರ್ ನಡುವೆ ಕೆಲವೇ ಓಮ್ ತೋರಿಸುತ್ತದೋ ಅವೆರಡು ಒಂದು ಕಾಯಿಲ್. ಮೀಟರ್ ಇಲ್ಲದಿದ್ದರೆ ಎರಡು ವೈರ್ ತುದಿ ಸೇರಿಸಿ ಹಿಡಿದು ಶಾಫ್ಟ್ ತಿರುಗಿಸಿ. ಬಿಗಿಯಾದರೆ ಅದೇ ಜೋಡಿ. ಒಂದು ಜೋಡಿ ಬೋರ್ಡಿನ 1ಎ, 1ಬಿ ಪಿನ್‌ಗಳಿಗೆ, ಇನ್ನೊಂದು 2ಎ, 2ಬಿಗೆ. ಜೋಡಿಯೊಳಗೆ ಹಿಂದುಮುಂದಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಅಷ್ಟೆ. ವೈರ್ ಬಣ್ಣವನ್ನು ಮಾತ್ರ ನಂಬಬೇಡಿ.

ಜೋಡಿ ಸರಿಯಿದ್ದೂ ಅದುರಿದರೆ ಆರ್ಡುಯಿನೊ ಸ್ಟೆಪ್ ಪಿನ್‌ಗೆ ಕಳುಹಿಸುವ ಪಲ್ಸ್ ವೇಗ ಹೆಚ್ಚಾಗಿರಬಹುದು. ಸೆಕೆಂಡಿಗೆ 200 ಪಲ್ಸ್‌ನಿಂದ ಶುರುಮಾಡಿ, ಆಮೇಲೆ ಮೆಲ್ಲಗೆ ಏರಿಸಿ.

ಬೋರ್ಡಿನ ಇನ್ನೊಂದು ಬದಿಯಲ್ಲಿ ರೀಸೆಟ್ ಪಿನ್ ತೊಂದರೆ ಕೊಡುತ್ತದೆ. ಅದನ್ನು ಹಾಗೇ ಬಿಟ್ಟರೆ ಹೈ, ಲೋ ಯಾವುದೂ ಅಲ್ಲದೆ ತೇಲಾಡುತ್ತದೆ. ಕೈ ಹತ್ತಿರ ತಂದಾಗ ಓಡಿ, ತೆಗೆದಾಗ ನಿಲ್ಲುವ ವಿಚಿತ್ರವೂ ಇದರಿಂದಲೇ. ಪಕ್ಕದ ಸ್ಲೀಪ್ ಪಿನ್‌ಗೆ ಬೋರ್ಡಿನಲ್ಲೇ ಪುಲ್‌ಅಪ್ (ಪಿನ್ ಅನ್ನು ಹೈ ಆಗಿಡುವ ರೆಸಿಸ್ಟರ್) ಇರುತ್ತದೆ, ಎರಡನ್ನೂ ಒಂದು ಜಂಪರ್‌ನಿಂದ ಸೇರಿಸಿಬಿಡಿ. ಎನೇಬಲ್ ಖಾಲಿ ಬಿಡಬಹುದು. ಅದಕ್ಕೆ 5 ವೋಲ್ಟ್ ಕೊಟ್ಟರೆ ಮೋಟರ್ ಹಿಡಿತ ಬಿಡುತ್ತದೆ. ಹೆಜ್ಜೆಯ ಅಳತೆ ಆರಿಸುವ ಎಂಎಸ್1, 2, 3 ಪಿನ್‌ಗಳು ಖಾಲಿಯಿದ್ದರೆ ಫುಲ್ ಸ್ಟೆಪ್: 1.8 ಡಿಗ್ರಿ ಮೋಟರಿಗೆ ಸುತ್ತಿಗೆ 200 ಪಲ್ಸ್. ಮೂರನ್ನೂ 5 ವೋಲ್ಟ್‌ಗೆ ಹಾಕಿದರೆ 3200. ನೂಲು ನುಣ್ಣಗೆ ಸರಿಯಲು ಇದೇ ಒಳ್ಳೆಯದು, ಆದರೆ ಅದೇ ವೇಗಕ್ಕೆ ಪಲ್ಸ್ 16 ಪಟ್ಟು ಬೇಕು.

ಚಿಪ್‌ಗೆ ಪವರ್ ಕೊಡುವ ವಿಡಿಡಿ ಪಿನ್‌ಗೆ ಆರ್ಡುಯಿನೊದ 5 ವೋಲ್ಟ್, ಅದರ ಪಕ್ಕದ ಗ್ರೌಂಡ್‌ಗೆ ಆರ್ಡುಯಿನೊ ಗ್ರೌಂಡ್. ಮೋಟರಿಗೆ ಪವರ್ ಕೊಡುವ ವಿಮಾಟ್‌ಗೆ 8ರಿಂದ 35 ವೋಲ್ಟ್. 12 ವೋಲ್ಟ್ ಅಡಾಪ್ಟರ್ ಸಾಕು. ವಿಮಾಟ್ ಮತ್ತು ಅದರ ಗ್ರೌಂಡ್ ನಡುವೆ, ಪಿನ್‌ಗೆ ಅಂಟಿದಂತೆ, 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು. ಇಲ್ಲದಿದ್ದರೆ ಪ್ಲಗ್ ಹಾಕಿದ ಕ್ಷಣದ ಸ್ಪೈಕ್ 12 ವೋಲ್ಟ್ ಸಪ್ಲೈನಲ್ಲೂ 35 ದಾಟಿ ಚಿಪ್ ಸುಡಬಹುದು.

ಕರೆಂಟ್ ಮಿತಿ ಹೊಂದಿಸಲು ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ತುದಿ ಬೋರ್ಡಿನ ಪುಟ್ಟ ಸ್ಕ್ರೂ ಮೇಲೆ, ಇನ್ನೊಂದು ಗ್ರೌಂಡ್ ಮೇಲೆ ಇಟ್ಟು, ಬೇಕಾದ ವೋಲ್ಟೇಜ್ ಬರುವವರೆಗೆ ಸ್ಕ್ರೂ ತಿರುಗಿಸಿ. ವೋಲ್ಟೇಜ್ = ಕರೆಂಟ್ × 8 × ಸೆನ್ಸ್ ರೆಸಿಸ್ಟರ್. ಚಿಪ್ ಪಕ್ಕದ ಈ ರೆಸಿಸ್ಟರ್ ಮೇಲೆ ಆರ್100 (0.1 ಓಮ್) ಎಂದಿದ್ದರೆ 1 ಆಂಪಿಯರ್‌ಗೆ 0.8 ವೋಲ್ಟ್, ಆರ್068 (0.068 ಓಮ್) ಇದ್ದರೆ ಸುಮಾರು 0.54. ಹೀಟ್‌ಸಿಂಕ್ ಇಲ್ಲದೆ 1 ಆಂಪಿಯರ್ ದಾಟಿಸಬೇಡಿ.

ರೀಲಿಂಗ್ ಶೆಡ್ಡಿನ ಅದುರಾಟಕ್ಕೆ ಜಂಪರ್ ವೈರ್ ನಿಲ್ಲುವುದಿಲ್ಲ. ಓಡುವಾಗ ಮೋಟರ್ ವೈರ್ ಕಳಚಿದರೂ ಚಿಪ್ ಸುಟ್ಟುಹೋಗಬಹುದು, ಹಾಗಾಗಿ ಸ್ಕ್ರೂ ಟರ್ಮಿನಲ್ ಹಾಕಿ, ಬೋರ್ಡನ್ನು ಬೇಸಿನ್ ಹಬೆಯಿಂದ ದೂರ, ಮುಚ್ಚಿದ ಡಬ್ಬಿಯಲ್ಲಿಡಿ.